ಆ ಕಂಪ್ಯೂಟರಿಗೆ ಹಾಕಿದ ಕಾವಲು

ಆ ಕಂಪ್ಯೂಟರಿನಲ್ಲಿ ನಾಲ್ಕು ಆಂಟಿವೈರಸ್‌ಗಳಿದ್ದವು. ಒಂದಲ್ಲ, ಎರಡಲ್ಲ, ನಾಲ್ಕು. ಪರದೆಯ ಕೆಳಗೆ ಗಡಿಯಾರದ ಪಕ್ಕದಲ್ಲಿ ಅವುಗಳ ಗುರುತುಗಳು ಸಾಲಾಗಿ ಕೂತಿದ್ದವು. ನಾನು ಒಂದು ಫೋಲ್ಡರ್ ತೆರೆಯಲು ಹೋದರೆ ಯಂತ್ರ ಗೊರಗೊರ ಸದ್ದು ಮಾಡಿತೇ ಹೊರತು ಫೋಲ್ಡರ್ ತೆರೆಯಲಿಲ್ಲ.

"ಯಾರು ಅಂಕಲ್ ಇದನ್ನೆಲ್ಲ ಹಾಕಿದ್ದು?"

"ಬಂದವರು," ಎಂದರು ಅಂಕಲ್. "ಆಕಿನ್ನ ನೋಡಾಕ ಬಂದವರು."

ಅಂಕಲ್ ಧಾರವಾಡದವರು. ಅಮೆರಿಕದ ಎಡಿಸನ್‌ನಲ್ಲಿ ನಮ್ಮದೇ ಟೌನ್‌ಹೌಸ್ ಸಾಲಿನಲ್ಲಿ ಅವರ ಮನೆ. ಬಾಸ್ಕಿಂಗ್ ರಿಡ್ಜ್‌ನ ಒಂದು ದೊಡ್ಡ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು, ಆರ್ಥಿಕ ಹಿಂಜರಿತದ ಆ ವರ್ಷದ ಲೇಆಫ್‌ನಲ್ಲಿ ಕೆಲಸ ಹೋಯಿತು. ಅದಾದ ಕೆಲವೇ ವಾರಗಳಲ್ಲಿ ಆಂಟಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸೋತವು. ಮಾತು ಪೂರ್ತಿ ನಿಂತುಹೋಯಿತು. ನಾವು ಹೇಳಿದ್ದು ಅವರಿಗೆ ಅರ್ಥವಾಗುತ್ತಿತ್ತು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೆ ಬಾಯಿ ತೆರೆದರೆ ಒಂದಕ್ಷರ ಹೊರಗೆ ಬರುತ್ತಿರಲಿಲ್ಲ. ಆಂಟಿಯಂಥ ಮಾತಿನ ಮಲ್ಲಿ ನಮ್ಮ ಸಾಲಿನಲ್ಲೇ ಇನ್ನೊಬ್ಬರಿರಲಿಲ್ಲ. ಅಂಥವರು ಸೋಫಾದ ಮೂಲೆಯಲ್ಲಿ ಶಾಲು ಹೊದ್ದು ಸುಮ್ಮನೆ ಕೂತಿರುತ್ತಿದ್ದರು.

ನನ್ನ ಕೆಲಸವೂ ಹೋಗಿತ್ತು. ಮ್ಯಾನ್‌ಹಟನ್‌ನ ಒಂದು ಹಣಕಾಸು ಕಂಪನಿಯಲ್ಲಿ ನಾನು ಡೆಸ್ಕ್‌ಟಾಪ್ ಸಪೋರ್ಟ್‌ನಲ್ಲಿದ್ದೆ. ಅಲ್ಲಿನ ಕಂಪ್ಯೂಟರುಗಳಿಗೆ ವೈರಸ್ ತಗುಲದಂತೆ ನೋಡಿಕೊಳ್ಳುವುದೇ ನನ್ನ ಮುಖ್ಯ ಕೆಲಸ. ಈಗ ರೆಸ್ಯುಮೆ ಕಳಿಸುವುದು, ಕಾಯುವುದು, ನಡುವೆ ಅಕ್ಕಪಕ್ಕದವರ ಕಂಪ್ಯೂಟರ್ ರಿಪೇರಿ ಮಾಡಿಕೊಡುವುದು. ಅಂಕಲ್ ಫೋನ್ ಮಾಡಿ, "ತಂಗಿ, ಸ್ವಲ್ಪ ಬಂದು ನೋಡ್ತೀಯೇನವಾ?" ಎಂದಾಗ ಹತ್ತು ನಿಮಿಷದ ಕೆಲಸ ಅಂದುಕೊಂಡು ಚಪ್ಪಲಿಯಲ್ಲೇ ಹೋಗಿದ್ದೆ.

ಆ ಮನೆಗೆ ಬರುತ್ತಿದ್ದ ಸ್ಪೀಚ್ ಥೆರಪಿಸ್ಟ್ ಅಮೆರಿಕನ್ ಹೆಂಗಸು. ಒಳ್ಳೆಯವಳು. ಕೆಟಲ್, ಮೇಲ್‌ಬಾಕ್ಸ್, ಕುಂಬಳಕಾಯಿ ಹೀಗೆ ಚಿತ್ರಗಳ ಕಾರ್ಡು ತೋರಿಸಿ ಇಂಗ್ಲಿಷಿನಲ್ಲಿ ಹೇಳಿಸುತ್ತಿದ್ದಳು. ಆಂಟಿ ಕಿಟಕಿ ಕಡೆ ಮುಖ ತಿರುಗಿಸುತ್ತಿದ್ದರು. ಒಂದು ದಿನ ಅವಳೇ ಕಾರ್ಡುಗಳನ್ನು ಚೀಲಕ್ಕೆ ಹಾಕಿ ಅಂಕಲ್‌ಗೆ ಹೇಳಿದಳಂತೆ: ಇವರ ತಲೆಯಲ್ಲಿ ಮೊದಲು ಕೂತದ್ದು ನಿಮ್ಮ ಭಾಷೆ, ಮೊದಲು ವಾಪಸ್ ಬರುವುದೂ ಬಹುಶಃ ಅದೇ, ನನಗೆ ಅದು ಬರುವುದಿಲ್ಲ. ಪರಿಚಯದ ಮುಖಗಳು ಬೇಕು, ತುಟಿ ಹತ್ತಿರದಿಂದ ಕಾಣಬೇಕು, ಒಂದೊಂದೇ ಪದ, ನಿಧಾನವಾಗಿ, ಪ್ರತಿ ಪದದ ನಂತರ ಸ್ವಲ್ಪ ಹೊತ್ತು ಮೌನ. ಹಾಗೆ ವಿಡಿಯೋ ಮಾಡಿಸಿ ದಿನಾ ತೋರಿಸಿ. ಮೊದಲ ಕೆಲವು ತಿಂಗಳು ಕೈಬಿಟ್ಟರೆ ಆಮೇಲೆ ಕಷ್ಟ. ಕೆಲಸದ ಜತೆ ಅಂಕಲ್‌ರ ಹಳೆಯ ಇನ್ಶೂರೆನ್ಸೂ ಹೋಗುವುದರಲ್ಲಿತ್ತು. ಅವಳು ಬರುವುದೇ ಇನ್ನು ಕೆಲವು ಸಲ ಮಾತ್ರ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅಂಕಲ್ ಧಾರವಾಡಕ್ಕೆ ಫೋನ್ ಮಾಡಿದರು. ಆಂಟಿಯ ತಂಗಿ, ಅಣ್ಣ, ಅತ್ತಿಗೆ, ಪುಣೆಯ ಸೋದರಮಾವ, ಎಲ್ಲರೂ ಕೂತು ಹೇಳಿದರು: ನೀರು. ಚಹಾ. ಬಾಗಿಲ. ಕೊಡ. ಒಬ್ಬರು ಮೊಬೈಲಿನಲ್ಲಿ, ಇನ್ನೊಬ್ಬರು ಹ್ಯಾಂಡಿಕ್ಯಾಮಿನಲ್ಲಿ, ತಂಗಿಯಂತೂ ಮದುವೆ ವಿಡಿಯೋ ಮಾಡುವವನನ್ನೇ ಮನೆಗೆ ಕರೆಸಿ ಡಿಸ್ಕ್ ಮಾಡಿಸಿದ್ದಳು. ಒಂದೊಂದೂ ಒಂದೊಂದು ಬಗೆಯ ಫೈಲು. ಕಂಪ್ಯೂಟರಿನ ಜತೆಗೇ ಬಂದಿದ್ದ ಪ್ಲೇಯರ್ ಅರ್ಧವನ್ನು ಮುಟ್ಟಲೇ ಇಲ್ಲ. ಅಂಕಲ್ ಇಂಟರ್‌ನೆಟ್ಟಿನಲ್ಲಿ ಹುಡುಕಿದರು. ಯಾವುದೋ ಒಂದು ಸೈಟು, ಈ ವಿಡಿಯೋ ನೋಡಲು ಇದನ್ನು ಇನ್‌ಸ್ಟಾಲ್ ಮಾಡಿ ಎಂದಿತು. ಮಾಡಿದರು.

ಮರುದಿನ ಆಂಟಿ ಕುರ್ಚಿಯಲ್ಲಿ ಕೂತು ಎಡಗೈಯಿಂದ ಮೌಸ್ ಒತ್ತಿದಾಗ ಪರದೆ ತುಂಬ ಕೆಂಪು ಹತ್ತಿಕೊಂಡಿತು. ಸೈರನ್ ಕೂಗಿತು. ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಕ್ರೆಡಿಟ್ ಕಾರ್ಡ್ ನಂಬರ್ ಕೊಟ್ಟರೆ ಸರಿ ಮಾಡುತ್ತೇವೆ ಎಂದು ಇಂಗ್ಲಿಷಿನಲ್ಲಿ ಬಂತು. ವೈರಸ್ ಹಿಡಿಯುವವನ ವೇಷದಲ್ಲಿ ಬಂದ ವೈರಸ್ ಅದು. ಆ ದಿನಗಳಲ್ಲಿ ಮನೆಮನೆಗೂ ಬರುತ್ತಿತ್ತು. ಆಂಟಿ ತಾನೇ ಏನೋ ಕೆಡಿಸಿದೆ ಅಂದುಕೊಂಡರು. ಕೈ ಹಿಂದಕ್ಕೆ ಎಳೆದುಕೊಂಡವರು ಮತ್ತೆ ಆ ಕುರ್ಚಿಯ ಹತ್ತಿರ ಸುಳಿಯಲಿಲ್ಲ. ಅಂಕಲ್ ಕೈಹಿಡಿದು ಕರೆದರೆ ತಲೆ ಅಲ್ಲಾಡಿಸಿ ಅಳುತ್ತಿದ್ದರು.

ಆಗ ಶುರುವಾದದ್ದು ಈ ನಾಲ್ಕರ ಕಥೆ. ಕಾಯಿಲೆಯವರನ್ನು ನೋಡಲು ನಮ್ಮವರು ಬರಿಗೈಯಲ್ಲಿ ಹೋಗುವುದಿಲ್ಲವಲ್ಲ. ಹೆಂಗಸರು ಬಿಸಿಬೇಳೆ ಭಾತು, ಚಪಾತಿ-ಪಲ್ಯ ತಂದು ಫ್ರಿಜ್ಜಿಗೆ ಇಟ್ಟು ಆಂಟಿಯ ಕಾಲು ಒತ್ತುತ್ತ ಕೂರುತ್ತಿದ್ದರು. ಗಂಡಸರಿಗೆ ಮಾತು ಬಾರದವರ ಎದುರು ಕೂತು ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಬಂದವರೆಲ್ಲ ಐಟಿಯವರು, ಅರ್ಧ ಜನ ಕೆಲಸ ಕಳೆದುಕೊಂಡವರು, ಟೈಮ್ ಬೇಕಾದಷ್ಟಿತ್ತು. ಅಂಕಲ್ ಸಂಕಟ ಹೇಳಿಕೊಂಡ ಕೂಡಲೆ, "ಒಂದ್ನಿಮ್ಷ ಅಂಕಲ್, ನಾನು ನೋಡ್ತೀನಿ" ಎಂದು ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ತಮಗೆ ಗೊತ್ತಿದ್ದ ಒಂದು ಫ್ರೀ ಆಂಟಿವೈರಸ್ ಹಾಕಿ, ಏನೋ ಒಂದು ಸಹಾಯ ಮಾಡಿದೆವೆಂಬ ಸಮಾಧಾನದಲ್ಲಿ ಕಾಫಿ ಕುಡಿದು ಹೋಗುತ್ತಿದ್ದರು. ಮುಂದೆ ಬಂದವನು ಹಿಂದಿನವನು ಹಾಕಿದ್ದನ್ನು ತೆಗೆಯುತ್ತಿರಲಿಲ್ಲ. ದೊಡ್ಡವರು ಹಾಕಿದ್ದು, ಇರಲಿ ಎಂದು ಅದರ ಪಕ್ಕದಲ್ಲೇ ತನ್ನದನ್ನೂ ಕೂರಿಸುತ್ತಿದ್ದ.

"ಅಂಕಲ್, ಒಂದು ಫೈಲ್ ತೆಗೆದರೆ ನಾಲ್ಕೂ ಒಟ್ಟಿಗೆ ಅದನ್ನ ಹಿಡ್ಕೊಂಡು ಎಳೆದಾಡ್ತಾವೆ," ಎಂದೆ. "ಒಂದು ಹಿಡಿದಿಟ್ಟ ವೈರಸ್ ನೋಡಿ ಇನ್ನೊಂದು ಬೊಬ್ಬೆ ಹೊಡಿಯತ್ತೆ. ಮೂರನ್ನ ತೆಗೀಲೇಬೇಕು."

ಅಂಕಲ್ ಮುಖ ಸಣ್ಣದಾಯಿತು. "ಅವ್ರು ಪಾಪ ಮನಿ ತನಕಾ ಬಂದು ಹಾಕಿ ಹೋಗ್ಯಾರವಾ. ಮುಂದಿನ ವಾರ ಮತ್ತ ಬರ್ತಾರ. ತಗದದ್ದು ನೋಡಿದ್ರ ಏನ್ ಅಂದ್ಕೋತಾರ?"

"ಅವರು ಕೊಟ್ಟ ಸೀರೇನಾ ಅಂಕಲ್, ಉಟ್ಟು ತೋರಿಸೋಕೆ?"

ನನ್ನ ಬಾಯಿ ಹಾಗೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಂಕಲ್ ಬೇಜಾರು ಮಾಡಿಕೊಳ್ಳಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂತು, "ಆತು, ತಗಿ" ಎಂದರು.

ಮೊದಲು ಆ ಕೆಂಪು ವೇಷಧಾರಿಯನ್ನು ಹೊರಹಾಕಬೇಕಿತ್ತು. ಯಂತ್ರವನ್ನು ಸೇಫ್ ಮೋಡ್‌ನಲ್ಲಿ, ಅಂದರೆ ತೀರ ಬೇಕಾದದ್ದು ಮಾತ್ರ ಏಳುವ ಹಾಗೆ ಶುರು ಮಾಡಿದೆ. ಮನೆಯಿಂದ ಪೆನ್ ಡ್ರೈವಿನಲ್ಲಿ ತಂದ ಉಚಿತ ಸಫಾಯಿ ಸಾಧನ ಓಡಲೇ ಇಲ್ಲ. ವೇಷಧಾರಿ ಅದರ ಹೆಸರು ನೋಡಿದ ಕೂಡಲೆ ಮುಚ್ಚಿಬಿಡುತ್ತಿತ್ತು. ಸಾಧನದ ಹೆಸರು ಬದಲಿಸಿ 'ಚಹಾ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಓಡಿತು. ಅದು ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಬಳಿಕ, ಒಂದನ್ನು ಹೊಸದಾಗಿ ಆರಿಸಿ ಹಾಕಿದರಾಯಿತೆಂದು ನಾಲ್ಕನ್ನೂ ಕಿತ್ತೆ. ಒಂದೊಂದನ್ನೂ ತೆಗೆದ ಮೇಲೆ ರೀಸ್ಟಾರ್ಟ್, ಬಾಲ ಉಳಿದಿದ್ದರೆ ಆ ಕಂಪನಿಯದೇ ತೆಗೆಯುವ ಸಾಧನ ತಂದು ಮತ್ತೆ ರೀಸ್ಟಾರ್ಟ್.

ಒಂದನ್ನು ಆರಿಸುವುದು ನಾನಂದುಕೊಂಡಷ್ಟು ಸುಲಭವಾಗಲಿಲ್ಲ. ಕಾಸು ಕೊಟ್ಟು ತರುವ ಮಾತೇ ಇರಲಿಲ್ಲ. ಉಚಿತವಾದವುಗಳಲ್ಲಿ ಹೆಸರುವಾಸಿಯಾದದ್ದು ವೈರಸ್‌ಗಳ ಹೊಸ ಪಟ್ಟಿ ಇಳಿಸಿಕೊಂಡಾಗಲೆಲ್ಲ ಹೆಂಗಸಿನ ದನಿಯಲ್ಲಿ ಇಂಗ್ಲಿಷಿನಲ್ಲಿ ಸಾರುತ್ತಿತ್ತು. ಸೋಫಾದಲ್ಲಿದ್ದ ಆಂಟಿ ಬೆಚ್ಚಿಬಿದ್ದರು. ದನಿ ನಿಲ್ಲಿಸಬಹುದಿತ್ತು, ಆದರೆ ಆಂಟಿಯ ಮುಖ ನೋಡಿದ ಮೇಲೆ ಅದನ್ನು ಇಡಲು ನನಗೆ ಮನಸ್ಸಾಗಲಿಲ್ಲ. ಇನ್ನೊಂದು ತುಂಬ ಹಗುರ, ಆದರೆ ದಿನಕ್ಕೊಮ್ಮೆ ಪರದೆಯ ನಡುವೆ ಜಾಹೀರಾತು ತೆರೆಯುತ್ತಿತ್ತು. ಮೂರನೆಯದು ವಿಡಿಯೋ ಓಡುವಾಗಲೇ ವೈರಸ್ ಹುಡುಕಲು ಶುರು ಮಾಡಿ ಚಿತ್ರ ತಡವರಿಸುವಂತೆ ಮಾಡುತ್ತಿತ್ತು. ಕಂಪನಿಯಲ್ಲಿ ನಾನು ನೋಡುತ್ತಿದ್ದುದು ಎಷ್ಟು ವೈರಸ್ ಹಿಡಿಯುತ್ತದೆ ಎಂಬುದೊಂದನ್ನೇ. ಇಲ್ಲಿ ಬೇಕಾಗಿದ್ದದ್ದು ಬಾಯಿ ಮುಚ್ಚಿಕೊಂಡಿರುವ ಕಾವಲುಗಾರ. ಕೊನೆಗೆ ಮೂರನೆಯದನ್ನೇ ಇಟ್ಟು, ಅದರ ಹುಡುಕಾಟವನ್ನು ಆಂಟಿ ಮಧ್ಯಾಹ್ನ ಮಲಗುವ ಹೊತ್ತಿಗೆ ಹೊಂದಿಸಿದೆ.

ಪ್ಲೇಯರ್ ವಿಷಯದಲ್ಲಿ ನನಗೆ ಅನುಮಾನವಿರಲಿಲ್ಲ. ಟ್ರಾಫಿಕ್ ಕೋನ್ ಗುರುತಿನ ಒಂದು ಉಚಿತ ಪ್ಲೇಯರ್ ಇತ್ತು, ಏನು ಕೊಟ್ಟರೂ ಓಡಿಸುತ್ತಿತ್ತು. ಮೊಬೈಲಿನದು, ಹ್ಯಾಂಡಿಕ್ಯಾಮಿನದು, ತಂಗಿಯ ಡಿಸ್ಕು, ಎಲ್ಲ ಓಡಿದವು. ಆದರೆ ನಮ್ಮ ಜನ ನಿಧಾನವಾಗಿ ಹೇಳಿ ಎಂದರೂ ಎಷ್ಟು ನಿಧಾನ ಹೇಳುತ್ತಾರೆ! ಪುಣೆಯ ಸೋದರಮಾವ ನೀರು-ಚಹಾ-ಬಾಗಿಲ ಮೂರನ್ನೂ ಒಂದೇ ಉಸಿರಿಗೆ ಮುಗಿಸಿದ್ದರು. ವೇಗ ಕಡಿಮೆ ಮಾಡಿದೆ. ತಂಗಿಯ ದನಿ ಗಂಡಸಿನ ದನಿಯಾಗಿ, ಗುಹೆಯೊಳಗಿಂದ ಬಂದ ಹಾಗೆ ಕೇಳಿತು. ಹಿಂದೆ ಸದ್ದಾಯಿತೆಂದು ತಿರುಗಿದರೆ ಆಂಟಿ ಎಡಗೈಯಿಂದ ಒಂದು ಕಿವಿ ಮುಚ್ಚಿಕೊಂಡಿದ್ದರು. ಇನ್ನೊಂದನ್ನು ಮುಚ್ಚಲು ಕೈ ಏಳುತ್ತಿರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು. ಮನೆಗೆ ಹೋಗಿ ಸೆಟ್ಟಿಂಗುಗಳನ್ನೆಲ್ಲ ಜಾಲಾಡಿ, ವೇಗ ತಗ್ಗಿದರೂ ದನಿ ಬದಲಾಗದಂತೆ ಮಾಡುವ ಒಂದು ಆಯ್ಕೆ ಕಂಡುಕೊಂಡೆ. ಮರುದಿನ ತಂಗಿಯ ದನಿ ತಂಗಿಯದಾಗಿಯೇ, ನಿಧಾನವಾಗಿ ಬಂತು. ನೀ... ರು.

ಆಂಟಿ ಶಾಲು ಸರಿಮಾಡಿಕೊಂಡು ತಾವೇ ಎದ್ದು ಬಲಗಾಲು ಎಳೆಯುತ್ತ ಬಂದು ಕುರ್ಚಿಯಲ್ಲಿ ಕೂತರು. ಅಂಕಲ್ ಅಡುಗೆಮನೆಯಿಂದ ಇದನ್ನು ನೋಡಿ ಒಲೆಯ ಮೇಲಿದ್ದ ಹಾಲು ಉಕ್ಕಿಸಿದರು.

ಯಾವ ಕೀ ಒತ್ತಬೇಕೆಂದು ಅವರಿಗೆ ತಿಳಿಯಬೇಕಲ್ಲ. ಅವರು ಹಣೆಗಿಡುವ ಟಿಕಳಿಯನ್ನೇ ಡಬ್ಬಿಯಿಂದ ತಂದು ಅಂಟಿಸಿದೆ. ನಿಲ್ಲಿಸಿ ಶುರು ಮಾಡುವ ಉದ್ದ ಕೀಗೆ ಕೆಂಪು, ಹಿಂದಕ್ಕೆ ಹೋಗುವ ಕೀಗೆ ಹಸಿರು. ಎರಡೇ ದಿನದಲ್ಲಿ ಅವರಿಗೆ ರೂಢಿಯಾಯಿತು. ಪದ ಬಂದ ಮೇಲೆ ನಿಲ್ಲಿಸುವರು, ತುಟಿ ಹೊಂದಿಸುವರು, ದನಿ ಬಾರದು, ಹಿಂದಕ್ಕೆ ಹೋಗುವರು. ಗಂಟೆಗಟ್ಟಲೆ ಹಾಗೆ ಕೂರುತ್ತಿದ್ದರು.

ಹೀಗೆ ನಡೆಯುತ್ತಿದ್ದಾಗ ಒಂದು ಶನಿವಾರ ಇನ್ನೊಬ್ಬರು ನೋಡಲು ಬಂದರು. ದೊಡ್ಡ ಬ್ಯಾಂಕೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದವರು. "ಒಂದೇ ಒಂದು ಆಂಟಿವೈರಸ್ಸಾ? ಸೇಫ್ ಅಲ್ಲ ಸಾರ್" ಎಂದು ಹೇಳಿ ತಮ್ಮದೊಂದನ್ನು ಹಾಕಿ ಹೋದರು. ಅಂಕಲ್‌ಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಹೊಸ ಕಾವಲುಗಾರ ಮೊದಲ ಹುಡುಕಾಟದಲ್ಲೇ ನಮ್ಮ ಪ್ಲೇಯರನ್ನೇ ಕಳ್ಳನೆಂದು ಹಿಡಿದು ಒಳಗೆ ಹಾಕಿತು. ಅದೂ ಥೆರಪಿಸ್ಟ್ ಬಂದಿದ್ದ ದಿನ. ಆಂಟಿ ಅವಳ ಎದುರು ಹೆಮ್ಮೆಯಿಂದ ಕುರ್ಚಿಯಲ್ಲಿ ಕೂತು ಕೆಂಪು ಟಿಕಳಿ ಒತ್ತಿದರು. ತಂಗಿಯ ಮುಖದ ಬದಲು ಎಚ್ಚರಿಕೆಯ ಕಿಟಕಿ ತೆರೆದು ಗಂಟೆ ಬಾರಿಸಿತು. ನಾನು ಹೋಗುವಷ್ಟರಲ್ಲಿ ಥೆರಪಿಸ್ಟ್ ಹೊರಟುಹೋಗಿದ್ದಳು. ಆಂಟಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕೀಲಿಮಣೆ ನೆಲದ ಮೇಲಿತ್ತು.

ನನಗೆ ಮೈಯೆಲ್ಲ ಉರಿಯಿತು. "ಯಾಕೆ ಅಂಕಲ್ ಮುಟ್ಟೋಕೆ ಬಿಟ್ರಿ?" ಎಂದು ಜೋರಾಗಿಯೇ ಕೇಳಿದೆ. ಅವರು ಕೀಲಿಮಣೆ ಎತ್ತಿ ಒರೆಸುತ್ತ ಕೂತರು. ತಪ್ಪು ಬಂದವರದೂ ಅಲ್ಲ, ಅಂಕಲ್‌ದೂ ಅಲ್ಲ ಎಂದು ಗೊತ್ತಿದ್ದೂ ಬೈಯಲು ಯಾರಾದರೂ ಬೇಕಾಗಿತ್ತು ನನಗೆ.

ಆಮೇಲೆ ಕೂತು ಯೋಚಿಸಿದೆ. ಈ ಯಂತ್ರಕ್ಕೆ ಹೊರಗಿನಿಂದ ಏನೂ ಬರದಿದ್ದರೆ ಕಾವಲೇ ಬೇಡ. ಇಂಟರ್‌ನೆಟ್ ವೈರು ಕಿತ್ತುಬಿಡುವುದು. ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕುವುದು. ಒಂದೂ ಆಂಟಿವೈರಸ್ ಇಲ್ಲ, ಬರೀ ಪ್ಲೇಯರ್. ಧಾರವಾಡದಿಂದ ಬರುವ ಫೈಲುಗಳನ್ನು ನಾನು ನಮ್ಮ ಮನೆಯಲ್ಲಿ ಪರೀಕ್ಷಿಸಿ ಪೆನ್ ಡ್ರೈವಿನಲ್ಲಿ ತರುವುದು. ಇಷ್ಟು ವರ್ಷ ಯಾರಾದರೂ ಆಂಟಿವೈರಸ್ ಆಫ್ ಮಾಡಿದರೆ ಅವರ ಮೇಜಿಗೇ ಹೋಗಿ ಜಗಳ ಆಡುತ್ತಿದ್ದವಳು ನಾನು. ಅದನ್ನು ಹೇಳಲು ಬಾಯಿ ತೆರೆದಾಗ ನನಗೇ ಒಂಥರಾ ಆಯಿತು.

ಆದರೆ ಆ ಮನೆಯಲ್ಲಿ ಇದ್ದದ್ದು ಅದೊಂದೇ ಕಂಪ್ಯೂಟರ್. ಅಂಕಲ್ ಕೆಲಸ ಹುಡುಕುತ್ತಿದ್ದುದೂ ಅದರಲ್ಲೇ. ಬೆಳಿಗ್ಗೆ ಎದ್ದು ಮೊದಲು ಮೇಲ್ ನೋಡುವುದು, ಅರ್ಜಿ ಹಾಕುವುದು, ಯಾರೂ ಉತ್ತರ ಬರೆಯದಿದ್ದರೆ ಇನ್ನೊಮ್ಮೆ ನೋಡುವುದು. ಅವರ ವಯಸ್ಸಿಗೆ ಆ ವರ್ಷ ಕೆಲಸ ಸಿಗುವುದು ಕಷ್ಟವೇ ಇತ್ತು. ಯಾರಾದರೂ ಕರೆದರೆ ತಕ್ಷಣ ತಿಳಿಯಬೇಕಿತ್ತು.

"ವೈರ್ ತೆಗೆದ್ರೆ ನಿಮ್ಮ ಜಾಬ್ ಸರ್ಚ್..." ಎಂದೆ.

ಅಂಕಲ್ ಮಲಗಿದ್ದ ಆಂಟಿಯ ಬೆನ್ನು ನೋಡಿದರು. "ಲೈಬ್ರರಿಗೆ ಹೋಗಿ ಮಾಡ್ತೀನಿ. ಅಲ್ಲೆ ಕಂಪ್ಯೂಟರ್ ಅದಾವ."

"ಅಲ್ಲಿ ಕ್ಯೂ ಇರತ್ತೆ ಅಂಕಲ್ ಈಗ. ಎಲ್ಲರೂ ಅಲ್ಲಿಗೇ ಹೋಗ್ತಿದ್ದಾರೆ."

"ನಿಂದರ್ತೀನಿ," ಎಂದರು. "ಕೆಲಸ ಇವತ್ತಿಲ್ಲ ನಾಳೆ ಸಿಗತದ. ಆ ಥೆರಪಿಸ್ಟ್ ಇದಕ್ಕ ಟೈಮ್ ಇಲ್ಲ ಅಂದಾಳ."

ಅಂದೇ ಡಿಸ್ಕ್ ಅಳಿಸಿ ಹೊಸದಾಗಿ ಹಾಕಿ, ವೈರು ಕಿತ್ತೆ. ಮತ್ತೆ ಯಾರಾದರೂ ಚುಚ್ಚಿಬಿಟ್ಟಾರು ಎಂದು ಸುತ್ತಿ ನನ್ನ ಚೀಲಕ್ಕೇ ಹಾಕಿಕೊಂಡು ಬಂದೆ.

ಆಂಟಿಯನ್ನು ಮತ್ತೆ ಕುರ್ಚಿಗೆ ತರಲು ವಾರಗಳೇ ಹಿಡಿದವು. ಮೊದಲು ಅಂಕಲ್ ತಾವೇ ಕೂತು ತೋರಿಸಿದರು. ಬಳಿಕ ಇಬ್ಬರೂ ಪಕ್ಕಪಕ್ಕ. ಏನೂ ಕೂಗಲಿಲ್ಲ, ಏನೂ ಕೆಂಪಾಗಲಿಲ್ಲ. ಬೇರೆ ಮನೆಗಳಲ್ಲಿ ನನ್ನ ಬಗ್ಗೆ ಮಾತಾಯಿತು. ಸಪೋರ್ಟ್‌ನಲ್ಲಿದ್ದವಳಂತೆ, ಸೆಕ್ಯುರಿಟಿ ಇಲ್ಲದೆ ಬಿಟ್ಟಿದ್ದಾಳಂತೆ ಎಂದು. ಅನ್ನಲಿ ಬಿಡು ಎಂದುಕೊಂಡೆ. ಮನಸ್ಸಿಗೆ ಚುಚ್ಚಿದ್ದೂ ನಿಜ.

ಥೆರಪಿಸ್ಟಿನ ಕೊನೆಯ ಭೇಟಿಗೆ ಅಂಕಲ್ ನನ್ನನ್ನೂ ಕರೆದರು. ಅವಳು ನೀರಿನ ಲೋಟ ತೋರಿಸಿದಳು. ಆಂಟಿ ತುಟಿ ಹೊಂದಿಸಿದರು, ಕುತ್ತಿಗೆಯ ನರ ಎದ್ದಿತು, ಬರೀ ಉಸಿರು ಬಂತು. ಬಾಗಿಲು ತೋರಿಸಿದಳು. ಉಸಿರು. ಅವಳು ಆಂಟಿಯ ಕೆನ್ನೆ ಮುಟ್ಟಿ, ಬಿಡದೆ ಮಾಡುತ್ತಿರಿ ಎಂದು ಹೇಳಿ ಫೈಲು ಮುಚ್ಚಿದಳು. ಅವಳ ಕಾರು ತಿರುಗಿ ಹೋಗುವ ತನಕ ಅಂಕಲ್ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಂದು, "ಹೋದ್ಲು" ಎಂದರು. ಅಷ್ಟೇ. ನಾನು ಏನು ಆರಿಸಿದರೂ, ಏನು ತೆಗೆದರೂ ಆಂಟಿಯ ಗಂಟಲಿನಲ್ಲಿ ನಿಂತ ಮಾತಿಗೂ ಅದಕ್ಕೂ ಸಂಬಂಧವೇ ಇಲ್ಲವೇನೋ ಎಂದು ಅವತ್ತು ಅನ್ನಿಸಿತು. ಮನೆಗೆ ಬಂದು ಅತ್ತೆ.

ಚಳಿ ಕಡಿಮೆಯಾಗುವ ಹೊತ್ತಿಗೆ ನನಗೆ ಜರ್ಸಿ ಸಿಟಿಯಲ್ಲಿ ಒಂದು ಕಾಂಟ್ರಾಕ್ಟ್ ಕೆಲಸ ಸಿಕ್ಕಿತು. ಸೋಮವಾರದಿಂದ ಹಗಲೆಲ್ಲ ಇರುವುದಿಲ್ಲ, ಅಷ್ಟರೊಳಗೆ ಒಮ್ಮೆ ಎಲ್ಲ ಸರಿಮಾಡಿಕೊಟ್ಟು ಹೋಗೋಣ ಎಂದು ಭಾನುವಾರ ಹೋದೆ. ಪ್ಲೇಯರಿನ ಹೊಸ ಆವೃತ್ತಿ ಬಂದಿತ್ತು. ವೇಗವನ್ನು ಇನ್ನೂ ಸಣ್ಣ ಸಣ್ಣ ಹೆಜ್ಜೆಯಲ್ಲಿ ತಗ್ಗಿಸಬಹುದಿತ್ತು. ಪೆನ್ ಡ್ರೈವಿನಲ್ಲಿ ತಂದಿದ್ದೆ. ಆಂಟಿ ಕುರ್ಚಿಯಲ್ಲಿ ಕೂತು ತಂಗಿಯನ್ನು ನೋಡುತ್ತಿದ್ದರು.

"ಒಂದ್ನಿಮ್ಷ ಆಂಟಿ, ಇದಕ್ಕಿಂತ ಚೆನ್ನಾಗಿರೋದು ಹಾಕಿಕೊಡ್ತೀನಿ," ಎಂದು ಬಗ್ಗಿ ಮೌಸ್ ಮೇಲೆ ಕೈಯಿಟ್ಟೆ.

ಆಂಟಿಯ ಎಡಗೈ ನನ್ನ ಮಣಿಕಟ್ಟು ಹಿಡಿಯಿತು. ಗಟ್ಟಿಯಾಗಿ.

"ಬ್ಯಾಡ."

ದನಿ ಒರಟಾಗಿತ್ತು, ಆದರೆ ಪದ ಸ್ಪಷ್ಟವಾಗಿತ್ತು. ವಿಡಿಯೋಗಳ ಯಾವ ಪಟ್ಟಿಯಲ್ಲೂ ಆ ಪದ ಇರಲಿಲ್ಲ. ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ. ನಾನು ಕೈ ತೆಗೆದೆ. ಏನು ಮಾಡಬೇಕೋ ತಿಳಿಯದೆ ಪೆನ್ ಡ್ರೈವ್ ಹಿಡಿದುಕೊಂಡು ನಿಂತೆ. ಬಂದವರ ಸಾಲಿನಲ್ಲಿ ನಾನೂ ಒಬ್ಬಳು, ನಾನೂ ಬರಿಗೈಯಲ್ಲಿ ಬಂದಿರಲಿಲ್ಲ. ನಾಚಿಕೆಯೂ ಆಯಿತು, ಕುಣಿದುಬಿಡಬೇಕು ಅಂತಲೂ ಅನ್ನಿಸಿತು.

ಅಂಕಲ್ ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. "ಏನಂದ್ಲು?"

"ಬೇಡ ಅಂದ್ರು ಅಂಕಲ್."

"ಯಾರಿಗೆ?"

"ನನಗೆ."

ಅಂಕಲ್ ಬಂದು ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೇ ಕೂತರು. ಆಂಟಿಯ ಮೊಣಕಾಲ ಮೇಲೆ ಕೈಯಿಟ್ಟು, "ನನಗೂ ಒಮ್ಮೆ ಅನ್ನು" ಎಂದರು. ಆಂಟಿ ಪರದೆ ನೋಡುತ್ತಲೇ ಇದ್ದರು. "ಚಹಾ ಮಾಡ್ಲೇನು?" ಎಂದು ಅಂಕಲ್ ಕೇಳಿದರು. ಆಂಟಿ ತಲೆಯಾಡಿಸಿದರು, ಚಹಾ ಬೇಕಾಗಿತ್ತು ಅವರಿಗೆ. ಅಂಕಲ್ ಒಂದು ಕ್ಷಣ ಯೋಚಿಸಿದರು. ಆಂಟಿ ಹಾಗಲಕಾಯಿ ಮುಟ್ಟುವವರಲ್ಲ, ಅದು ನಮ್ಮ ಸಾಲಿಗೆಲ್ಲ ಗೊತ್ತಿತ್ತು.

"ರಾತ್ರಿ ಊಟಕ್ಕ ಹಾಗಲಕಾಯಿ ಪಲ್ಯ ಮಾಡ್ಲೇನು?"

ಆಂಟಿ ಕೆಂಪು ಟಿಕಳಿ ಒತ್ತಿ ತಂಗಿಯನ್ನು ನಿಲ್ಲಿಸಿದರು. ಗಂಡನ ಕಡೆ ತಿರುಗಿದರು. ತುಟಿ ಕೂಡಿದವು, ಬಿಟ್ಟವು, ಮತ್ತೆ ಕೂಡಿದವು. ಅಂಕಲ್ ಅವರ ಬಾಯಿಯನ್ನೇ ನೋಡುತ್ತಿದ್ದರು.

"ಬ್ಯಾಡ."

ಅಂಕಲ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಆತು ಬಿಡು," ಎಂದರು, "ಮಾಡಂಗಿಲ್ಲ."